ಬೂಷ್ಟು ಬಿಡಿಸಿದ ಭೂಪ

ಕನ್ನಡಕದ ಅಂಗಡಿಯ ಗುಮಾಸ್ತ ರಜೆಯ ದಿನ ಬೆಳಿಗ್ಗೆ ಹಿಂದಿನ ಕೋಣೆಯ ಹಳೆಯ ಫ್ರಿಜ್ಜಿನ ಬಾಗಿಲು ತೆಗೆದವನೇ ಹಾಗೆಯೇ ಮುಚ್ಚಿದ. ಆದರೆ ವಾಸನೆ ಅವನಿಗಿಂತ ಚುರುಕು. ಅಷ್ಟರಲ್ಲಿ ಅಡುಗೆಮನೆ ತಲುಪಿತ್ತು.

ಹೆಂಡತಿ ಬಂದು ಬಾಗಿಲು ಎಳೆದಳು. ಅವನು ಬಿಯರ್ ಹುದುಗಲು ಇಟ್ಟಿದ್ದ ಡ್ರಮ್ಮು ಜ್ವರ ಬಿಟ್ಟವನ ಹಾಗೆ ಬೆವರುತ್ತಿತ್ತು. ಮುಚ್ಚಳ, ಕೊಳವೆ, ಗೋಡೆ, ಎಲ್ಲೆಲ್ಲೂ ಹಸಿರು ಬೂಷ್ಟು.

"ಏನ್ರೀ ಇದು, ಫ್ರಿಜ್ಜೋ ಹಾಳುಬಾವಿಯೋ? ಸಾಯಂಕಾಲ ಒಂದು ಚುಕ್ಕೆ ಬೂಷ್ಟು ಕಂಡರೂ ಇದು ಗುಜರಿಗೆ!"

ಹೊರಗೆ ಕೆಂಡದಂಥ ಸೆಕೆ. ತಂಪು ತಪ್ಪಿದರೆ ಬಿಯರು ಕೆಟ್ಟಂತೆಯೇ.

ವಾಸನೆ ಹಿಡಿದು ಮಹಡಿಯ ಡ್ರಿಲ್ ಮೇಷ್ಟರು ಇಳಿದು ಬಂದರು. "ತೇವಕ್ಕೆ ಶಾಖವೇ ಮದ್ದು. ಕೂದಲೊಣಗಿಸೋ ಮೆಷಿನ್ ತನ್ನಿ!"

ಬಿಸಿಗಾಳಿ ಹಿಡಿದರು. ಡ್ರಮ್ಮು ಗುಳುಗುಳು ಎಂದಿತು, ಬಿರಡೆ ಹಾರಿ ಮೇಷ್ಟರ ಹಣೆಗೆ ಬಡಿಯಿತು, ನೊರೆ ಅವರ ಮೀಸೆಯಲ್ಲಿ ಕೂತಿತು.

"ರುಚಿ ಪರವಾಗಿಲ್ಲ," ಎಂದರು ಮೇಷ್ಟರು, ಮೀಸೆ ನೆಕ್ಕುತ್ತ.

"ಶಾಖ ಅಲ್ಲ ಸ್ವಾಮಿ, ಹೊದಿಕೆ!" ಎನ್ನುತ್ತ ನುಗ್ಗಿದ ಎದುರುಮನೆಯ ದರ್ಜಿ. ತಂತಿಯ ಮೇಲಿದ್ದ ಉಣ್ಣೆಯ ಶಾಲು ಎಳೆದು ಡ್ರಮ್ಮಿಗೆ ಸುತ್ತಿದ. ಶಾಲು ನೀರು ಕುಡಿದು ಒದ್ದೆ ಎಮ್ಮೆಯಂತೆ ತೊಟ್ಟಿಕ್ಕಿತು. ಅದು ಮಗಳ ಮನೆಗೆ ಬಂದಿದ್ದ ಅತ್ತೆಯದು.

"ಅಳಿಯಂದಿರೇ, ನಾನು ಬದುಕಿರುವಾಗಲೇ ನನ್ನ ಶಾಲನ್ನ ಹೆಂಡದ ಪೀಪಾಯಿಗೆ ಹೊದಿಸಿದಿರಾ?"

ಗುಮಾಸ್ತ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಆಗ ಕಂಡಿತು: ಬಾಗಿಲಂಚಿನ ರಬ್ಬರು ಹರಿದಿತ್ತು. ಹೊರಗಿನ ಬಿಸಿಗಾಳಿ ಅಲ್ಲಿಂದ ನುಸುಳಿ, ತಣ್ಣನೆಯ ಡ್ರಮ್ಮಿಗೆ ತಾಗಿ ನೀರಾಗುತ್ತಿತ್ತು. ಹೊಸ ರಬ್ಬರು ತಂದು ಅಂಟಿಸಿದ. ವಿನಿಗರ್ ಹಾಕಿ ಉಜ್ಜಿದ. ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದುಗಳನ್ನೆಲ್ಲ ಕೆದಕಿದ. ಸೊಂಟ ಬಿದ್ದುಹೋಯಿತು, ಫ್ರಿಜ್ಜು ಮಾತ್ರ ಕ್ಷೌರ ಮುಗಿಸಿದ ಮದುಮಗನಂತೆ ಹೊಳೆಯಿತು.

ಸಾಯಂಕಾಲ ಹೆಂಡತಿ ಒಳಗೆಲ್ಲ ಬೆರಳಾಡಿಸಿದಳು. "ಚುಕ್ಕೆಯೂ ಇಲ್ಲ!"

ಗುಮಾಸ್ತ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ.

"ಅಮ್ಮಾ, ನೋಡು ಬಾ!" ಎಂದು ಹೆಂಡತಿ ತಾಯಿಯನ್ನು ಕರೆದಳು. "ಅಡುಗೆಮನೆ ಫ್ರಿಜ್ಜಿಗಿಂತ ಇದೇ ಚೆನ್ನಾಗಿದೆ. ಇಂಥದ್ರಲ್ಲಿ ಯಾರಾದ್ರೂ ಬಿಯರ್ ಇಡ್ತಾರೇನ್ರೀ?"

ಡ್ರಮ್ಮು ಹೊರಗೆ ಬಂತು. ಹಾಲು, ತರಕಾರಿ, ಮೊಸರು ಒಳಗೆ ಹೋದವು.

"ಹಾಗಾದ್ರೆ ಅಡುಗೆಮನೆ ಫ್ರಿಜ್ಜಾದ್ರೂ ನನಗೆ ಕೊಡೇ," ಎಂದು ಗುಮಾಸ್ತ ಗೋಗರೆದ.

"ಅದನ್ನ ಅಮ್ಮ ಕೇಳಿದಾಳೆ. ನಾಳೆ ತಗೊಂಡು ಹೋಗ್ತಾಳೆ. ಸ್ವಲ್ಪ ಬೂಷ್ಟು ಹಿಡಿದಿದೆ, ಇವತ್ತೇ ತೊಳೆದುಬಿಡಿ."

ಅತ್ತೆ ಅಳಿಯನ ಕೈಗೆ ಬ್ರಷ್ಷು ಕೊಟ್ಟರು. "ಸಂದುಗೊಂದು ಮರೀಬೇಡಿ, ಅಳಿಯಂದಿರೇ."