ಅಳಿಯಂದಿರ ವಾರದ ಪತ್ರ

ಎಲ್ಲಕ್ಕೂ ಕಾರಣ ಮಾವನವರ ಒಂದು ಪ್ರಶ್ನೆ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಲೇ ಕೇಳಿಬಿಟ್ಟರು: "ಅಳಿಯಂದ್ರೇ, ವಾರವಾರ ಇಮೇಲ್‌ನಲ್ಲಿ ಪತ್ರ ಕಳಿಸ್ತೀರಲ್ಲ, ಅದನ್ನ ಯಾರಾದ್ರೂ ಓದ್ತಾರಾ?"

ಮಾವನದು ಹೊಲಿಗೆ ಮಷೀನಿನ ಅಂಗಡಿ. ಮದುವೆಯಾದ ಹೊಸತರಲ್ಲಿ ಅಳಿಯನನ್ನು ಹಿಂದಿನ ಗೋದಾಮಿನಲ್ಲಿ ಸೂಜಿ, ಬಾಬಿನ್ ವಿಂಗಡಿಸಲು ಕೂರಿಸಿದ್ದರು. ಕಿಟಕಿಯೇ ಇಲ್ಲದ ಆ ಕೋಣೆಯಿಂದ ಅವನನ್ನು ಬಿಡಿಸಿದ್ದು ಈ ಪತ್ರ. ಗಿರಾಕಿಗಳ ಇಮೇಲ್ ವಿಳಾಸ ಕೂಡಿಹಾಕಿ, ಅಂಗಡಿಯ ಮುಂಭಾಗದಲ್ಲಿ ಮೇಜು, ಫ್ಯಾನು ಗಿಟ್ಟಿಸಿಕೊಂಡು, 'ದಾರ ಏಕೆ ತುಂಡಾಗುತ್ತದೆ' ಎಂಬಂಥ ವಿಷಯಗಳನ್ನು ಅವನು ಪ್ರೀತಿಯಿಂದ ಬರೆಯುತ್ತಿದ್ದ.

"ಎಲ್ಲರೂ ಓದ್ತಾರೆ ಮಾವ," ಎಂದ.

"ಸರಿ ಹಾಗಾದ್ರೆ. ಇವತ್ತು ಸಂಜೆ ಮಷೀನಿಗೆ ಎಣ್ಣೆ ಬಿಡೋ ಪಾಠಕ್ಕೆ ಪತ್ರದಲ್ಲಿ ಕರೆದಿದೀರಲ್ಲ, ಕುರ್ಚಿ ಹಾಕಿಸ್ತೀನಿ. ತುಂಬಿದ್ರೆ ಪತ್ರ ನಡೀಲಿ. ಖಾಲಿ ಬಿದ್ರೆ ಗೋದಾಮು ಇದ್ದೇ ಇದೆ."

ಮಾವ ಒಳಗೆ ಹೋದದ್ದೇ ತಡ, ಅಳಿಯ ಪಕ್ಕದ ದರ್ಜಿ ಅಕ್ಕನ ಬಳಿ ಓಡಿದ. "ಅಕ್ಕಾ, ನನ್ನ ಪತ್ರ ಬರ್ತಿದೆಯಲ್ವಾ?"

"ಯಾವ ಪತ್ರ?" ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಅವಳ ಫೋನನ್ನು ಮೇಲಿಂದ ಕೆಳಗೆ ಜಾಲಾಡಿದ. ಕಟ್ಟಕಡೆಗೆ ಸ್ಪ್ಯಾಮ್ ಎಂಬ ಡಬ್ಬಿ ತೆರೆದರೆ, ಅವನ ಪತ್ರಗಳೆಲ್ಲ ಅಲ್ಲೇ ರಾಶಿ ಬಿದ್ದಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ ಕೆಂಪು ಪಟ್ಟಿ: 'ಈ ಸಂದೇಶ ಅಪಾಯಕಾರಿ ಇರಬಹುದು.'

"ದಾರ ತುಂಡಾಗೋ ವಿಷಯದಲ್ಲಿ ಏನಕ್ಕಾ ಅಪಾಯ?" ಅಳಿಯನಿಗೆ ಅಳುವೇ ಬಂತು. ಹಿಂದೆಯೇ ಕುತೂಹಲವೂ ಹುಟ್ಟಿತು. ಯಾರು ಇದನ್ನು ತಡೆಯುತ್ತಿರುವುದು, ಏಕೆ? ಅವನು ಎದುರಿನ ಕಂಪ್ಯೂಟರ್ ರಿಪೇರಿಯವನನ್ನು ಹಿಡಿದ.

"ತಲೆಬರಹ ನೋಡಿ ಸ್ವಾಮಿ," ಎಂದ ರಿಪೇರಿಯವ. "'ಉಚಿತ! ಉಚಿತ! ಇಂದೇ ಬನ್ನಿ!' ನಾನಾಗಿದ್ರೂ ಒಳಗೆ ಬಿಡ್ತಿರಲಿಲ್ಲ. ಸಾಲದ್ದಕ್ಕೆ ಯಾರೂ ತೆರೆಯಲ್ಲ. ತೆರೆಯದೇ ಇರೋದನ್ನ ನೋಡಿ ನೋಡಿ ಯಂತ್ರ ಇದು ಕಸ ಅಂದ್ಕೊಂಡಿದೆ."

"ಈಗೇನು ದಾರಿ?"

"ಮುಂದಿನದಕ್ಕೆ ತಲೆಬರಹ ಸರಿಮಾಡಿ. ಇವತ್ತಿಗೆ ಮನೆಮನೆಗೆ ಹೋಗಿ. ಆ ಡಬ್ಬಿ ತೆರೆದು 'ಸ್ಪ್ಯಾಮ್ ಅಲ್ಲ' ಅಂತ ಒತ್ತಿಸಿ."

ಅಳಿಯ ಹೊರಟ. ಮೊದಲ ಮನೆಯ ಅಜ್ಜಿ ಫೋನ್ ಎಂಬ ಮಾತು ಕೇಳಿದ್ದೇ ತಡ, "ಓಟಿಪಿ ಕೊಡಲ್ಲ, ಹೋಗಯ್ಯಾ!" ಎಂದು ದಢಾರನೆ ಬಾಗಿಲು ಹಾಕಿಕೊಂಡಳು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಫೋನ್ ತೆಗೆದ. ಗಿರಾಕಿ ಬೈದದ್ದು ಮಾತ್ರ ಅಳಿಯನನ್ನು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಏರಿಸಿ ಕೇಳಿದರು: "ಅಪಾಯ ಅಂತ ಬರೆದಿದೆಯಲ್ಲಪ್ಪಾ?"

"ಯಂತ್ರಕ್ಕೇನು ಗೊತ್ತು ಮೇಷ್ಟ್ರೇ? ಪಾಪ, ಎಷ್ಟೋ ಒಳ್ಳೆಯವರ ಪತ್ರ ಆ ಡಬ್ಬೀಲಿ ಬಿದ್ದು ಕೊಳೀತಿವೆ. ತೆಗೆದು ಓದಿ!"

ಈ ಮಾತು ಅಳಿಯನಿಗೇ ಎಷ್ಟು ಹಿಡಿಸಿತೆಂದರೆ, ಮುಂದೆ ಪ್ರತಿ ಬಾಗಿಲಲ್ಲೂ ಅದನ್ನೇ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಕತ್ತು ಬಗ್ಗಿಸಿ ಫೋನ್ ನೋಡುತ್ತಿತ್ತು. ಇಷ್ಟು ವರ್ಷ ತಮ್ಮ ಜೇಬಿನಲ್ಲೇ ಇಂಥದ್ದೊಂದು ಡಬ್ಬಿ ಇತ್ತೆಂದು ಅವರಿಗೆ ತಿಳಿದೇ ಇರಲಿಲ್ಲ. ಮಾವನೂ ಮಗಳನ್ನು ಕರೆದು ತಮ್ಮ ಫೋನಿನ ಡಬ್ಬಿ ತೆರೆಸಿಕೊಂಡರಂತೆ.

ಸಂಜೆ ಕುರ್ಚಿಗಳು ತುಂಬಿದವು. ಕೂರಲು ಜಾಗವಿಲ್ಲದೆ ಜನ ಬಾಗಿಲಲ್ಲಿ ನಿಂತರು. ಓಟಿಪಿ ಅಜ್ಜಿಯೂ ಬಂದಿದ್ದಳು. ಅಳಿಯನಿಗೆ ಸ್ವರ್ಗ ಮೂರೇ ಗೇಣು. ಎಣ್ಣೆಯ ಡಬ್ಬ ಎತ್ತಿ, "ಮೊದಲು ಮಷೀನಿನ ಧೂಳು ಒರೆಸಬೇಕು," ಎಂದು ಶುರುಮಾಡಿದ.

"ಎಣ್ಣೆ ಆಮೇಲೆ ಇರಲಿ," ಎಂದು ಮೇಷ್ಟ್ರು ಫೋನ್ ಎತ್ತಿ ಹಿಡಿದು ಎದ್ದು ನಿಂತರು. "ಈ ದೇಶಭ್ರಷ್ಟ ಮಹಾರಾಣಿಯವರು ಸಾಯೋಕೆ ಮುಂಚೆ ಒಡವೆ ಪೆಟ್ಟಿಗೇನ ನನಗೆ ಒಪ್ಪಿಸ್ತಾರಂತೆ. ತರಿಸ್ಕೊಳ್ಳೋದು ಹೇಗೆ, ಹೇಳಿ."

"ನಿಮಗೂ ಬರೆದಿದಾರಾ?" ದರ್ಜಿ ಅಕ್ಕ ಕೆಂಡವಾದಳು. "ನನಗೆ 'ಪರಮ ಆಪ್ತರೇ' ಅಂತ ಬರೆದಿದಾರೆ! ಪೆಟ್ಟಿಗೆ ನನ್ನದು!"

"ನನಗೆ ಬೋಳುತಲೆಗೆ ರಾತ್ರೋರಾತ್ರಿ ಕೂದಲು ಬರಿಸೋ ಔಷಧಿ ಬಂದಿದೆ," ಎಂದ ಕ್ಷೌರದವನು. "ಇದೊಂದು ನಿಜವಾದ್ರೆ ನನ್ನ ಕಸುಬು ಉದ್ಧಾರ!"

"ಅಯ್ಯೋ, ಅದೆಲ್ಲ ಶುದ್ಧ ಮೋಸ ಕಣ್ರೀ!" ಅಳಿಯ ಕೂಗಿದ. "ರಾಣಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ!"

"ಯಂತ್ರಕ್ಕೇನು ಗೊತ್ತು ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ!" ಎಂದರು ಮೇಷ್ಟ್ರು. "ಹೊಟ್ಟೆಕಿಚ್ಚು," ಎಂದಳು ಅಜ್ಜಿ.

"ಹೋಗಲಿ, ನನ್ನ ಪತ್ರ ಯಾರಾದ್ರೂ ಓದಿದ್ರಾ?"

ಎಲ್ಲರೂ ಮತ್ತೆ ಫೋನಿನತ್ತ ಕತ್ತು ಬಗ್ಗಿಸಿದರು. "ಶುರು ಮಾಡಿದ್ದೆ," ಎಂದಳು ದರ್ಜಿ ಅಕ್ಕ ಮೆತ್ತಗೆ. "ಅಷ್ಟರಲ್ಲಿ ಅದರ ಕೆಳಗೇ ರಾಣಿಯವರದು ಕಾಣಿಸ್ತು."

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಮಾವ ಫೋನ್ ಕೆಳಗಿಟ್ಟು ಕಣ್ಣೊರೆಸಿಕೊಂಡರು.

"ಕುರ್ಚಿ ತುಂಬಿವೆ ಅಳಿಯಂದ್ರೇ, ಒಪ್ಪಿದೆ. ಆದ್ರೆ ತುಂಬಿಸಿದ್ದು ಯಾರು? ಬರವಣಿಗೆ ಅಂದ್ರೆ ಇದು! ಓದ್ತಾ ಓದ್ತಾ ನನಗೇ ಅಳು ಬಂತು. ನಿಮ್ಮ ದಾರ ತುಂಡಾಗಿದ್ದಕ್ಕೆ ಯಾರಾದ್ರೂ ಅತ್ತಿದಾರಾ?"

"ಮಾವ, ಅದು..."

"ಮುಂದಿನ ವಾರದಿಂದ ನಮ್ಮ ಅಂಗಡಿ ಪತ್ರ ನೀವೇ ಬರ್ಕೊಡಿ ತಾಯೀ ಅಂತ ಮಹಾರಾಣಿಯವರನ್ನೇ ಕೇಳ್ಕೊಂಡೆ. ಅಷ್ಟು ದೊಡ್ಡವರು, ತಕ್ಷಣ ಉತ್ತರ ಕೊಟ್ರು! ಒಪ್ಪಿದಾರೆ. ಮೊದಲು ಸ್ವಲ್ಪ ಮುಂಗಡ ಕಳಿಸ್ಬೇಕಂತೆ, ಅಷ್ಟೆ."

ಹೀಗೆಂದು ಮಾವ ಗೋದಾಮಿನ ಬೀಗದ ಕೈಯನ್ನು ಅಳಿಯನ ಅಂಗೈಯಲ್ಲಿಟ್ಟರು.