ರುಚಿಗಾರನ ಕುರ್ಚಿ

ಎಲ್ಲ ತಂಟೆಗೂ ಕಾರಣ ಒಂದು ಮರದ ಕುರ್ಚಿ. ಬಿಸ್ಕತ್ತು ಕಾರ್ಖಾನೆಯ ರುಚಿ ನೋಡುವ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿದ್ದ ಕುರ್ಚಿ. ಇಪ್ಪತ್ತೆರಡು ವರ್ಷ ಅದರಲ್ಲಿ ಕೂತವನನ್ನು ಎಲ್ಲರೂ ರುಚಿಗಾರ ಎಂದೇ ಕರೆಯುತ್ತಿದ್ದರು. ಗಂಟೆಗೊಮ್ಮೆ ಒಲೆಯಿಂದ ಬಂದ ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಮುರಿಯುವುದು, ಅರ್ಧ ತಿನ್ನುವುದು, ಒಂದು ಗುಟುಕು ಬಿಸಿನೀರು ಕುಡಿಯುವುದು, ಆಮೇಲೆ ಕಣ್ಣು ಮುಚ್ಚಿ ಸುಮ್ಮನಿರುವುದು. ಆ ಅರ್ಧ ನಿಮಿಷ ಮ್ಯಾನೇಜರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಇವನು ಬಾಯಿ ಬಿಡಲಿ ಎಂದು ಯಾರಾದರೂ ಕಾದದ್ದು ಅವನ ಬದುಕಿನಲ್ಲಿ ಅಲ್ಲಿ ಮಾತ್ರ.

ಮೂರು ತಿಂಗಳ ಹಿಂದೆ ಕಾರ್ಖಾನೆಯ ಡಾಕ್ಟರಮ್ಮ ಅವನ ರಕ್ತ ಪರೀಕ್ಷಿಸಿ ಸಕ್ಕರೆ ಕಾಯಿಲೆ ಕಂಡುಹಿಡಿದರು. ಈಗಷ್ಟೇ ಶುರುವಾಗಿದೆ, ಊಟ ಬದಲಿಸಿ, ನಡೆಯಿರಿ, ಕೆಲವರಲ್ಲಿ ಹಿಂದೆ ಸರಿಯುವುದುಂಟು, ಮೂರು ತಿಂಗಳು ನೋಡಿ ಮಾತ್ರೆಯ ವಿಚಾರ ಮಾಡೋಣ ಎಂದರು. ಅದೇ ದಿನ ಮ್ಯಾನೇಜರು ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿ, ಕುರ್ಚಿಯ ಮಾತು ಮುಂದಿನ ವರದಿ ಬಂದಮೇಲೆ ಎಂದರು.

ಅಂದಿನಿಂದ ಹೆಂಡತಿ ಚಿನ್ನ ತೂಗಿದಂತೆ ಅನ್ನ ತೂಗಿ ಬಡಿಸಿದಳು. ಅರ್ಧ ತಟ್ಟೆ ಸೊಪ್ಪು. ಬೆಳಿಗ್ಗೆ ಸಂಜೆ ಉದ್ಯಾನವನದಲ್ಲಿ ಗಾಣದ ಎತ್ತಿನ ಹಾಗೆ ಸುತ್ತು. ಬೆಲ್ಟಿಗೆ ಮೊಳೆಯಿಂದ ನಾಲ್ಕು ಹೊಸ ತೂತು ಹೊಡೆದದ್ದಾಯಿತು. ಇವತ್ತು ಮರುಪರೀಕ್ಷೆ.

ಗೇಟಿನಲ್ಲಿ ಕಾವಲುಗಾರ ತಡೆದು ನಿಲ್ಲಿಸಿದ. ಅವನದು ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಓದಿ ಮುಂದೆ ಬಂದ ಮಗನ ಬಗ್ಗೆ ಹೇಳುವಂತೆ ಅದರ ಬಗ್ಗೆ ಹೇಳಿಕೊಳ್ಳುತ್ತಿದ್ದ.

“ಒಂದ್ಸಲ ಬಂದ್ರೆ ಅದು ಹೋಗಲ್ಲ ಕಣಪ್ಪ. ಆದ್ರೂ ರಕ್ತ ಕೊಡೋ ಮುಂಚೆ ಮೆಟ್ಟಿಲು ಹತ್ತಿ ಇಳಿ. ಕಮ್ಮಿಯಾಗುತ್ತೆ.”

“ಹೋಗಲ್ಲ ಅಂತೀಯ, ಕಮ್ಮಿಯಾಗುತ್ತೆ ಅಂತೀಯ. ಯಾವುದಣ್ಣ ನಿಜ?”

“ಎರಡೂ ನಿಜ. ನಂಗೆ ಹನ್ನೆರಡು ವರ್ಷದ ಅನುಭವ.”

ರುಚಿಗಾರ ಹಿಟ್ಟಿನ ಗೋದಾಮಿನ ಮೆಟ್ಟಿಲನ್ನು ಹನ್ನೊಂದು ಸಲ ಹತ್ತಿ ಇಳಿದ. ಹನ್ನೆರಡನೆಯ ಸಲಕ್ಕೆ ಪ್ಯಾಕಿಂಗ್‌ನ ಹಿರಿಯಕ್ಕ ತೋಳು ಹಿಡಿದು ಎಳೆದಳು. ಅವಳ ನಾದಿನಿಯ ಮಾವನಿಗೆ ಕಾಯಿಲೆ ಬೇರುಸಹಿತ ಹೋಗಿತ್ತಂತೆ. ಆತ ಮೆಟ್ಟಿಲ ಕಡೆ ತಲೆ ಹಾಕಿಯೂ ಮಲಗಿರಲಿಲ್ಲವಂತೆ. ಮೈ ಬಿಸಿಯಾದರೆ ಸಕ್ಕರೆ ಏರುತ್ತದೆ, ತಣ್ಣಗಿರಬೇಕು ಎಂದು ಅವನ ತಲೆಗೆ ಒದ್ದೆ ಬಟ್ಟೆ ಸುತ್ತಿ, ಬಾಟಲಿಯಲ್ಲಿ ತಂದಿದ್ದ ಯಾವುದೋ ಹಸಿರು ರಸ ಕುಡಿಸಿದಳು. ಇಪ್ಪತ್ತೆರಡು ವರ್ಷ ರುಚಿ ಹೇಳಿದ ನಾಲಿಗೆಗೆ ಅದರ ರುಚಿ ಹೇಳಲು ಮಾತು ಸಿಗಲಿಲ್ಲ.

ಏದುಸಿರು ಬಿಡುತ್ತ, ಒದ್ದೆ ತಲೆ, ಹಸಿರು ಮೀಸೆ ಹೊತ್ತು ಬಂದವನನ್ನು ಡಾಕ್ಟರಮ್ಮ ಮೇಲಿಂದ ಕೆಳಗೆ ನೋಡಿದರು.

“ಸಕ್ಕರೆ ಇಳಿಸ್ತಾ ಇದ್ದೆ ಮೇಡಂ.”

“ಈ ಪರೀಕ್ಷೆ ಮೂರು ತಿಂಗಳ ಕತೆ ಹೇಳುತ್ತೆ. ಇವತ್ತು ಬೆಳಿಗ್ಗೆ ಮಾಡಿದ ಸರ್ಕಸ್ಸು ಅದಕ್ಕೆ ಕಾಣ್ಸಲ್ಲ,” ಎಂದು ಅವರು ಸೂಜಿ ಚುಚ್ಚಿದರು.

ಮಧ್ಯಾಹ್ನ ಎರಡಕ್ಕೆ ವರದಿ ಬಂತು. ಎಲ್ಲವೂ ಸಾಮಾನ್ಯ ಮಟ್ಟದಲ್ಲಿತ್ತು.

“ಹಾಗಾದ್ರೆ ಹೋಯ್ತಾ ಮೇಡಂ?”

“ಹೋಯ್ತು ಅನ್ನಲ್ಲ. ಗೇಟಿನ ಹೊರಗೆ ನಿಂತಿದೆ ಅಂದ್ಕೊಳ್ಳಿ. ಎಲ್ಲರಿಗೂ ಹೀಗಾಗಲ್ಲ, ನಿಮಗಾಗಿದೆ. ಹೀಗೇ ಇದ್ರೆ ಹೊರಗೇ ಇರಬಹುದು. ಹಳೇ ಥರ ಬದುಕಿದ್ರೆ ಒಳಗೆ ಬರುತ್ತೆ.”

“ಇದೆಯೋ ಇಲ್ವೋ, ಒಂದೇ ಮಾತಲ್ಲಿ ಹೇಳಿ. ಮ್ಯಾನೇಜರಿಗೆ ಹೇಳ್ಬೇಕು.”

ಡಾಕ್ಟರಮ್ಮ ಕಣ್ಣು ಮುಚ್ಚಿ ಸುಮ್ಮನೆ ಕೂತರು. ಅರ್ಧ ನಿಮಿಷವಿರಬೇಕು. ತಾನು ಸುಮ್ಮನಿದ್ದಾಗ ಎದುರಿಗೆ ನಿಂತವರಿಗೆ ಹೇಗಾಗುತ್ತಿತ್ತೆಂಬುದು ರುಚಿಗಾರನಿಗೆ ಅಂದು ತಿಳಿಯಿತು.

“ಆರು ತಿಂಗಳು ಬಿಟ್ಟು ಬನ್ನಿ,” ಎಂದರು ಅವರು.

ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅವನೇ ಒಂದು ತೀರ್ಮಾನಕ್ಕೆ ಬಂದ. ಮ್ಯಾನೇಜರ ಕೋಣೆಗೆ ಹೋದವನೇ ವರದಿ ಚಾಚಿ, “ಹೋಯ್ತು ಸಾರ್. ಪೂರ್ತಿ ಹೋಯ್ತು,” ಎಂದ.

ಮ್ಯಾನೇಜರ ಮುಖ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಕುಸಿಯಿತು. ಮೇಜಿನ ಮೇಲೆ ಬಟ್ಟೆ ಮುಚ್ಚಿದ್ದ ತಟ್ಟೆಯನ್ನು ಅವರು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಎಲ್ಲ ಹೇಳಿದರು. ಹಳೆಯ ಬಿಸ್ಕತ್ತುಗಳನ್ನು ನೋಡಲು ಈಗ ಯಂತ್ರ ಬಂದಿದೆ. ತಟ್ಟೆಯಲ್ಲಿರುವುದು ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ ಹೊಸ ಬಿಸ್ಕತ್ತು, ಇಷ್ಟು ದಿನ ಗುಟ್ಟಾಗಿತ್ತು. ಇದರ ರುಚಿ ನೋಡುವವನಿಗೆ ಆ ಕಾಯಿಲೆ ಇರಲೇಬೇಕು, ದಿನಕ್ಕೆ ಎರಡು ಚೂರು ಸಾಕು ಎಂದು ಮೇಲಿನವರ ಆದೇಶ.

“ನಿಮಗೋಸ್ಕರವೇ ಮೂರು ತಿಂಗಳು ಕುರ್ಚಿ ಖಾಲಿ ಇಟ್ಟಿದ್ದೆ,” ಎಂದರು ಮ್ಯಾನೇಜರು.

ರುಚಿಗಾರನ ತಲೆಯೊಳಗೆ ಗಿರಣಿ ತಿರುಗಿತು. “ಪೂರ್ತಿ ಹೋಗಿಲ್ಲ ಸಾರ್. ಡಾಕ್ಟರಮ್ಮನೇ ಹೇಳಿದ್ದು. ಗೇಟಿನ ಹೊರಗೇ ನಿಂತಿದೆ.”

“ವರದಿಯಲ್ಲಿ ಗೇಟಿನ ವಿಷಯ ಇಲ್ವಲ್ಲ.”

“ನಾಲ್ಕು ದಿನ ಟೈಮ್ ಕೊಡಿ ಸಾರ್, ಒಳಗೆ ಕರೀತೀನಿ.”

ಮ್ಯಾನೇಜರ ಕಣ್ಣು ಕಿಟಕಿಯಾಚೆ ಹೋಗಿ ಗೇಟಿನ ಮೇಲೆ ನಿಂತಿತ್ತು. ಅಲ್ಲಿ ಹನ್ನೆರಡು ವರ್ಷದ ಅನುಭವ ಸ್ಟೂಲಿನ ಮೇಲೆ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು.

ನಾಲ್ಕು ಗಂಟೆಗೆ ಕಾವಲುಗಾರ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿಯಲೂ ಇಲ್ಲ, ಇಡಿಯಾಗಿ ಬಾಯಿಗೆ ಹಾಕಿಕೊಂಡ. ಎದುರಿಗೆ ಮ್ಯಾನೇಜರು ಉಸಿರು ಬಿಗಿಹಿಡಿದು ನಿಂತಿದ್ದರು. ಗೇಟು ಖಾಲಿಯಾಗಿತ್ತಲ್ಲ, ನಿಮಗೆ ಹೇಗೂ ನಡೆದು ಅಭ್ಯಾಸವಾಗಿದೆ ಎಂದು ಅವರು ರುಚಿಗಾರನಿಗೆ ಸೀಟಿ, ಟೋಪಿ ಕೊಟ್ಟು ಕಳಿಸಿದ್ದರು. ಟೋಪಿ ಹುಬ್ಬಿನ ತನಕ ಇಳಿಯುತ್ತಿತ್ತು.

ಕೆಲಸ ಮುಗಿಸಿ ಹೊರಟ ಹಿರಿಯಕ್ಕ ನಿಂತು ಕೇಳಿದಳು. “ಅಣ್ಣ, ಕೊನೆಗೂ ಹೋಯ್ತಂತಲ್ಲ ಕಾಯಿಲೆ. ನನ್ನ ರಸ ಹೇಗೆ?”

“ಹೋಗಿದೆಯಂತೆ ಅಕ್ಕ. ಇಲ್ಲೇ ಎಲ್ಲೋ ನಿಂತಿದೆಯಂತೆ.”

ಅವಳು ಅತ್ತ ಇತ್ತ ನೋಡಿ, ಏನೂ ಕಾಣದೆ, ಅವನ ಮುಖ ನೋಡಿ ಬೇಗ ಬೇಗ ನಡೆದಳು.

ಎಲ್ಲರೂ ಹೋದಮೇಲೆ ರುಚಿಗಾರ ಗೇಟು ಎಳೆದ. ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಅಗುಳಿಯ ಮೇಲೆ ಕೈಯಿಟ್ಟು ಅರ್ಧ ನಿಮಿಷ ಕಣ್ಣು ಮುಚ್ಚಿದ. ಆಮೇಲೆ ಅಗುಳಿ ಹಾಕದೆ, ಗೇಟನ್ನು ಒಂದು ಗೇಣು ತೆರೆದಿಟ್ಟು, ಸ್ಟೂಲಿನ ಮೇಲೆ ಕೂತ.