ಹವಳಕ್ಕೊಂದು ಕ್ಯಾಮೆರಾ

ಚನ್ನವೀರನ ಮೊಬೈಲಿನಲ್ಲಿ ಹವಳದ ನಲವತ್ತೊಂದು ಫೋಟೋಗಳಿದ್ದವು. ನಲವತ್ತೊಂದೂ ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದಂತಿದ್ದವು. ಗಾಜಿನ ತೊಟ್ಟಿಯ ಮೇಲಿನ ನೀಲಿ ದೀಪ ಮೊಬೈಲಿನ ತಲೆ ಕೆಡಿಸಿತ್ತು.

ರಾಯಚೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಅವನು, ನೀರಿಗೆ ಉಪ್ಪು ತೂಗಿ ಬೆರೆಸಿ ಮನೆಯಲ್ಲೇ ಸಮುದ್ರ ಮಾಡಿಕೊಂಡು, ಅಣಬೆಯಂಥ ಮೆತ್ತನೆಯ ಹವಳವೊಂದನ್ನು ಎರಡು ವರ್ಷದಿಂದ ಸಾಕಿದ್ದ. ಹೆಬ್ಬೆರಳಿನಷ್ಟಿದ್ದದ್ದು ಅಂಗೈಯಗಲವಾಗಿತ್ತು. ನಾಲ್ಕು ದಿನದಿಂದ ಮಾತ್ರ ಮೈಮೇಲಿನ ಎಳೆಗಳನ್ನೆಲ್ಲ ಒಳಗೆಳೆದುಕೊಂಡು, ಮುನಿದ ಅಳಿಯನಂತೆ ಕುಳಿತಿತ್ತು.

ಅದನ್ನು ಕೊಟ್ಟ ಬುರ್ಹಾನುದ್ದೀನ್ ದೇವದುರ್ಗದವನು. ಹೈದರಾಬಾದಿನಲ್ಲಿ ಸಾಕುಮೀನಿನ ಅಂಗಡಿ ಇಟ್ಟಿದ್ದ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಹೇಳಿದ: "ಸರ್, ಈ ನೀಲಿ ಫೋಟೋದಾಗ ನನಗೇನೂ ತಿಳಿವಲ್ದು. ಕೊಳಿಯಾಕತ್ತಿದ್ರ ಇವತ್ತ ಕತ್ತರಿಸಿ ಒಗೀಬೇಕು, ಇಲ್ಲಾಂದ್ರ ತೊಟ್ಟಿ ಪೂರಾ ಹೋಗ್ತದ. ಛಲೋ ಇದ್ರ ಮುಟ್ಟಬಾರದು. ಖರೇ ಬಣ್ಣದ್ದೊಂದು ಫೋಟೋ ಕಳಸ್ರಿ. ಸಂಜಿತನಾ ಕಾಯ್ತೀನಿ."

ಚನ್ನವೀರ ಕ್ಯಾಮೆರಾ ಅಂಗಡಿಗೆ ಹೊರಟ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಪಾಲಕೃಷ್ಣರಾಯರು ಕರೆಯದೇ ಬೈಕಿನ ಹಿಂದೆ ಕುಳಿತರು.

"ಮದುವಿಗೇನ್ರೀ, ಬರ್ತಡೇಕ್ಕೇನ್ರೀ?" ಎಂದ ಅಂಗಡಿಯ ಮುಕರ್ರಂ.

"ಹವಳಕ್ಕ."

"ಓಹೋ, ಬಂಗಾರದ ಅಂಗಡಿಯವರಾ! ಬರ್ರಿ, ಕುಂದರ್ರಿ."

ಬಂಗಾರದ ಅಂಗಡಿಯವನಲ್ಲ ಎಂದು ತಿಳಿಸಿಹೇಳಲು ಹತ್ತು ನಿಮಿಷ ಹಿಡಿಯಿತು. ರಾಯರು ಅಷ್ಟರಲ್ಲಿ ತೋಳುದ್ದದ ಲೆನ್ಸೊಂದನ್ನು ಮಗುವಿನಂತೆ ಎತ್ತಿಕೊಂಡಿದ್ದರು. "ಇದ ತಗೋ. ಇಲ್ಲಿ ನಿಂತರ ಕೃಷ್ಣಾ ನದಿಯೊಳಗಿನ ಕೊಕ್ಕರಿ ಕಾಣಬೇಕು."

"ಸರ, ನನ್ನ ಹವಳ ಒಂದು ಗೇಣು ದೂರದಾಗ ಅದರೀ."

"ಇವತ್ತ ಗೇಣು. ನಾಳೆ?"

ಮುಕರ್ರಂ ತಿಳಿದವನು. "ಕ್ಯಾಮೆರಾ ಬಾಡಿ ಹಳೇದಿದ್ರೂ ನಡೀತದ ಸರ್, ಲೆನ್ಸ್ ಛಲೋದು ತಗೋರಿ. ಸಣ್ಣದನ್ನ ಹತ್ತಿರದಿಂದ ಹಿಡಿಯೋದು. ಬಿಳಿ ಹಾಳಿ ತೋರಿಸಿ, ಬಿಳಿ ಅಂದ್ರ ಇದು ಅಂತ ಕ್ಯಾಮೆರಾಕ್ಕ ಮೊದಲ ಹೇಳಿಬಿಡಬೇಕು."

ಔಷಧಿ ಚೀಟಿಯ ಸಣ್ಣಕ್ಷರವನ್ನೂ ಬಿಡದೆ ಓದುವ ಚನ್ನವೀರ, ಆರು ಕ್ಯಾಮೆರಾಗಳನ್ನು ಎರಡು ಸುತ್ತು ಪರೀಕ್ಷಿಸಿದ. ಮಾನ್ವಿಯ ಮದುವೆ ಫೋಟೋಗ್ರಾಫರನೊಬ್ಬ ಮಾರಿಹೋದ ಡಿಎಸ್ಎಲ್ಆರ್ ಕೈಗೆ ಒಗ್ಗಿತು. ಗಡಿಯಾರ ನೋಡಿದರೆ ಎರಡೂವರೆ. ಫೋಟೋ ಹೊತ್ತಿಗೆ ನೀರು ನಿಂತಿರಲೆಂದು, ಲೆನ್ಸ್ ತಿರುಗಿಸುತ್ತಲೇ ಮನೆಗೆ ಫೋನ್ ಹಚ್ಚಿದ. ತಾಯಿ ಅಂಬಮ್ಮ ಎತ್ತಿದಳು.

"ಯವ್ವಾ, ಹವಳ ಇವತ್ತ ತೆಗೀಬೇಕು. ತೊಟ್ಟಿಯೊಳಗಿನ ನೀರಿನ ಮೋಟರ್ ಬಂದ್ ಮಾಡು."

"ಈಗನ ಬಂದ್ ಮಾಡ್ಲೇನಪ್ಪಾ?"

"ಈಗನ. ಅಲುಗಾಡಬಾರದು."

ಕ್ಯಾಮೆರಾ ಕೊಂಡು, ಬಿಳಿ ಹಾಳೆಯ ಪಾಠ ಮುಗಿಸಿ ನಾಲ್ಕಕ್ಕೆ ಮನೆ ಮುಟ್ಟಿದಾಗ ತೊಟ್ಟಿ ಸ್ತಬ್ಧವಾಗಿತ್ತು. ಹವಳ ಅದರಲ್ಲಿರಲಿಲ್ಲ. ಅಂಗಳದ ಬಿಸಿಲಿನಲ್ಲಿ, ಮೊರದ ಮೇಲೆ, ಬಿಳಿ ಅರಿವೆ ಹಾಸಿ ಇಟ್ಟಿತ್ತು. ಪಕ್ಕದಲ್ಲಿ ಕಳೆ ತೆಗೆಯುವ ಕುರ್ಪಿ.

"ನೀನ ಅಂದೆಲ್ಲೋ, ನೀರು ಬಂದ್ ಮಾಡು, ತೆಗೀಬೇಕು ಅಂತ," ಎಂದಳು ಅಂಬಮ್ಮ, ಯಾಪಲದಿನ್ನಿಯ ಹೊಲದಲ್ಲಿ ನಲವತ್ತು ಬೆಳೆ ತೆಗೆದ ಹೆಮ್ಮೆಯಿಂದ. "ಪೆನ್ನು ಹಿಡಿಯೋ ಕೈಲೆ ಎಲ್ಲಿ ಆಗ್ತದಂತ ನಾನ ತೆಗದೆ. ಅಲುಗಾಡದಂಗ ಬುಡಸಮೇತ ಎಬ್ಬಿಸೀನಿ. ಬೋರಿನ ನೀರಾಗ ಎರಡ ಸಲ ತೊಳದೀನಿ."

ರಾಯರ ಹೆಂಡತಿ ಜಯಾಬಾಯಿ ಕಾಂಪೌಂಡಿನಾಚೆಯಿಂದ ಕತ್ತು ಚಾಚಿದರು. "ಒಣಗಿದ ಮ್ಯಾಲ ಕೆಂಪಗಾಗ್ತದೇನಪ್ಪಾ? ನಮ್ಮ ಹುಡುಗಿ ಪೂರ್ಣಶ್ರೀಗೆ ಜಾತಕದಾಗ ಕುಜ ಸರಿ ಇಲ್ಲ. ಉಂಗುರಕ್ಕೊಂದು ಚೂರು ಸಾಕು."

ಎರಡು ವರ್ಷ ಚನ್ನವೀರ ತೊಟ್ಟಿಯ ಮುಂದೆ ಕುಳಿತದ್ದನ್ನು ಅಂಬಮ್ಮ ಬೆಳೆ ಕಾಯುವುದೆಂದೇ ತಿಳಿದಿದ್ದಳು. ಕರೆಂಟು ಹೋದಾಗಲೆಲ್ಲ ಅವನಿಗಿಂತ ಮುಂಚೆ ಓಡಿ ನೀರು ಕಲಕಿದವಳೂ ಅವಳೇ. ಇದು ಏನೆಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಗಂಟೆಗೂ ಮೇಲೆ ಸಿಹಿನೀರು, ಬಿಸಿಲು. ಇನ್ನು ತೊಟ್ಟಿಗೆ ಬಿಟ್ಟರೂ ಬದುಕದೆಂದು ಜೀವಶಾಸ್ತ್ರ ಓದಿದವನಿಗೆ ಗೊತ್ತಿತ್ತು. ರೋಗವಿತ್ತೇ ಎಂಬುದನ್ನಾದರೂ ತಿಳಿಯೋಣವೆಂದು ಮೊಣಕಾಲೂರಿ, ಚೌಕಟ್ಟಿನ ತುಂಬ ಹವಳವೇ ಬರುವಂತೆ ಒಂದು ಫೋಟೋ ತೆಗೆದು ಕಳಿಸಿದ. ನೀಲಿ ದೀಪವಿಲ್ಲದ ಈ ಬಿಸಿಲಿಗೆ ಮೊಬೈಲೇ ಸಾಕಾಗಿತ್ತು.

ಐದು ನಿಮಿಷಕ್ಕೆ ಉತ್ತರ ಬಂತು.

"ವಾಹ್ ಸರ್, ಏನ್ ಬಣ್ಣ! ಎಲ್ಲೂ ಕೊಳೆತಿಲ್ಲ. ಹಾವಿನಂಗ ಪೊರಿ ಬಿಡಾಕತ್ತಿತ್ತು ಅಷ್ಟ, ಎರಡ ದಿನದಾಗ ತಾನ ಅರಳ್ತದ. ಮುಟ್ಟಬ್ಯಾಡ್ರಿ. ಇಷ್ಟು ಚಂದ ನೀವ ತೆಗದ್ರೇನ್ರೀ?"

ಚನ್ನವೀರ ಬರೆದ: "ಇಲ್ಲ. ನಮ್ಮವ್ವ ತೆಗದ್ಲು."